ಹೂವಿಗೂ ಗೋತ್ರವುಂಟು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಹಿತ್ತಲಲ್ಲೊಂದು ಮರ ಉಳಿಸಿಕೊಂಡಿರುವ ಮನೆಯವರು ಆಗಾಗ ಹೇಳಿಕೊಳ್ಳುವ ಒಂದು ಸಂಕಟವುಂಟು. ಮರ ಸೊಂಪಾಗಿ ಬೆಳೆದಿದೆ. ವರ್ಷವರ್ಷವೂ ಮೈತುಂಬ ಹೂ ಬಿಡುತ್ತದೆ. ಹೂವೆಲ್ಲ ನೆಲಕ್ಕೆ ಉದುರುತ್ತದೆಯೇ ಹೊರತು ಕಾಯಿ ನಿಲ್ಲುವುದಿಲ್ಲ. ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆಗಳು ಹಲವು. ಬುಡ ಬಿಡಿಸಿ ಗೊಬ್ಬರ ಹಾಕುವುದು ಅವುಗಳಲ್ಲಿ ಸೌಮ್ಯವಾದದ್ದು. ದೃಷ್ಟಿ ತಾಕಿದೆಯೆಂದು ಕೊಂಬೆಗೆ ಹಳೆಯ ಪೊರಕೆ ಕಟ್ಟುವವರಿದ್ದಾರೆ. ಕಾಂಡಕ್ಕೆ ಮೊಳೆ ಹೊಡೆಯುವವರಿದ್ದಾರೆ. ಕೊಡಲಿ ಹಿಡಿದು ಮರದೆದುರು ನಿಂತು, ‘ಬರುವ ವರ್ಷವೂ ಹೀಗೇ ಮಾಡಿದರೆ ಕಡಿದುಬಿಡುತ್ತೇನೆ’ ಎಂದು ಗದರಿಸುವವರೂ ಇದ್ದಾರೆ. ಮರ ಇದಾವುದಕ್ಕೂ ಜಗ್ಗದಿದ್ದಾಗ ಕೊಡಲಿ ನಿಜವಾಗಿಯೂ ಬೀಳುತ್ತದೆ.

ಸಸ್ಯಶಾಸ್ತ್ರ ಬಲ್ಲವರು ಇಂಥಲ್ಲಿ ಮೊದಲು ಕೇಳುವ ಪ್ರಶ್ನೆ ಬೇರೆ. ಅಕ್ಕಪಕ್ಕದ ಮನೆಗಳಲ್ಲಿ ಅದೇ ಜಾತಿಯ ಇನ್ನೊಂದು ಮರವಿದೆಯೆ? ಹಿಂದೆ ಇದ್ದು ಈಗ ಇಲ್ಲವಾಗಿದೆಯೆ? ನಮ್ಮ ಮನೆಯ ಮರಕ್ಕೂ ಪಕ್ಕದ ಮನೆಯ ಮರಕ್ಕೂ ಏನು ಸಂಬಂಧ ಎಂದು ಅಚ್ಚರಿಪಡುವವರಿಗೆ ಆ ಸಂಬಂಧ ಎಂಥದೆಂದು ತಿಳಿಸುವುದಕ್ಕಾಗಿಯೇ ಈ ಮಾತು.

ಯಾರ ಮನೆಯಂಗಳದಲ್ಲಿಯೂ ಸಿಗುವ ಐದೆಸಳಿನ ಕೆಂಪು ದಾಸವಾಳವನ್ನು ಕೈಗೆತ್ತಿಕೊಳ್ಳೋಣ. ಎಸಳುಗಳ ನಡುವಿನಿಂದ ನೀಳವಾದ ಕೋಲೊಂದು ಹೊರಚಾಚಿರುತ್ತದೆ. ಕೋಲಿನ ಮೈಸುತ್ತ, ಸಣ್ಣ ಎಳೆಗಳ ತುದಿಯಲ್ಲಿ, ಹಳದಿ ಪುಡಿ ತುಂಬಿದ ಪುಟ್ಟ ಚೀಲಗಳಿವೆ. ಪುಡಿಯೇ ಪರಾಗ, ಎಳೆಗಳೇ ಕೇಸರಗಳು; ಇದು ಹೂವಿನ ಗಂಡುಭಾಗ. ಕೋಲಿನ ತೀರ ತುದಿಯಲ್ಲಿ ಮಖಮಲ್ಲಿನಂಥ ಐದು ಕೆಂಪು ಗುಂಡುಗಳಿವೆ. ಅವು ಶಲಾಕಾಗ್ರಗಳು, ಪರಾಗವನ್ನು ಬರಮಾಡಿಕೊಳ್ಳುವ ಹೆಣ್ಣುಭಾಗ. ಅಲ್ಲಿ ಬಿದ್ದ ಪರಾಗದ ಕಣ ಮೊಳೆತು, ಕೂದಲಿಗಿಂತ ಸಣ್ಣದಾದ ಒಂದು ನಾಳವನ್ನು ಕೆಳಗಿಳಿಸಿ, ಬುಡದ ಅಂಡಾಶಯದಲ್ಲಿರುವ ಅಂಡಕವನ್ನು ಮುಟ್ಟಿದರೆ ಬೀಜ ಕಟ್ಟುತ್ತದೆ. ಹೂಬಿಡುವ ಸಸ್ಯಗಳಲ್ಲಿ ಬಹುಪಾಲು ಹೀಗೆಯೇ ಗಂಡುಹೆಣ್ಣುಗಳನ್ನು ಒಂದೇ ಹೂವಿನಲ್ಲಿ ಇಟ್ಟುಕೊಂಡವು. ಇಷ್ಟು ಹತ್ತಿರವಿರುವಾಗ ತನ್ನ ಪರಾಗವನ್ನು ತಾನೇ ಸ್ವೀಕರಿಸಿ ಬೀಜ ಕಟ್ಟಿಕೊಳ್ಳುವುದು ಎಷ್ಟು ಸುಲಭ! ಆದರೂ ಅನೇಕ ಗಿಡಗಳು ಈ ಸುಲಭದ ದಾರಿಯನ್ನು ಹಟದಿಂದಲೆಂಬಂತೆ ತಪ್ಪಿಸಿಕೊಳ್ಳುತ್ತವೆ. ದಾಸವಾಳದಲ್ಲಿಯೇ ನೋಡಿ: ಶಲಾಕಾಗ್ರ ಕೇಸರಗಳನ್ನು ದಾಟಿ ಮುಂದೆ ಚಾಚಿಕೊಂಡಿದೆ. ಹೊರಗಿನಿಂದ ಬರುವ ಹಕ್ಕಿ ಅಥವಾ ಚಿಟ್ಟೆ ಮೊದಲು ಅದನ್ನು ತಾಕುತ್ತದೆ, ಬೇರೆಡೆಯಿಂದ ತಂದ ಪರಾಗವನ್ನು ಅಲ್ಲಿ ಒರಸುತ್ತದೆ, ಆಮೇಲೆ ಒಳಗೆ ಹೊಕ್ಕು ಹೊಸ ಪರಾಗ ಮೆತ್ತಿಕೊಂಡು ಹೊರಡುತ್ತದೆ. ಮಲೆನಾಡಿನವರು ಗೌರಿ ಹೂ ಎನ್ನುವ ಅಗ್ನಿಶಿಖೆಯಲ್ಲಿ ಶಲಾಕೆ ಬುಡದಲ್ಲಿಯೇ ಮೊಣಕೈಯಂತೆ ಬಾಗಿ, ಕೇಸರಗಳಿಂದ ಆಚೆಗೆ ಪಕ್ಕಕ್ಕೆ ತಿರುಗಿರುತ್ತದೆ. ಒಂದೇ ಮನೆಯಲ್ಲಿದ್ದೂ ಮುಖ ತಿರುಗಿಸಿ ಕುಳಿತವರ ಭಂಗಿ ಅದು.

ಈ ಹಟವೇಕೆ? ಉತ್ತರವನ್ನು ಪ್ರಯೋಗದ ಮೂಲಕ ಹುಡುಕಿದವನು ಚಾರ್ಲ್ಸ್ ಡಾರ್ವಿನ್. ನಮ್ಮ ಬೇಲಿಗಳ ಮೇಲೂ ಹಬ್ಬುವ ನೇರಳೆ ಬಣ್ಣದ ತುತ್ತೂರಿ ಹೂವಿನ ಬಳ್ಳಿಯ ಬಂಧುವೊಂದನ್ನು ಅವನು ಹತ್ತು ತಲೆಮಾರು ಬೆಳೆಸಿದ. ಕೆಲವನ್ನು ತಮ್ಮದೇ ಪರಾಗದಿಂದ, ಕೆಲವನ್ನು ಬೇರೆ ಬಳ್ಳಿಯ ಪರಾಗದಿಂದ ಬೀಜ ಕಟ್ಟಿಸಿ, ಎರಡೂ ಬಗೆಯ ಸಸಿಗಳನ್ನು ಒಂದೇ ಕುಂಡದ ಎರಡು ಮಗ್ಗುಲಲ್ಲಿ ನೆಟ್ಟು ಅಳೆದ. ಹತ್ತು ತಲೆಮಾರುಗಳ ಸರಾಸರಿಯಲ್ಲಿ ಪರಪರಾಗದ ಸಂತಾನದ ಎತ್ತರ 100 ಎಂದರೆ ಸ್ವಪರಾಗದ ಸಂತಾನದ್ದು 77. ಇತರ ಅನೇಕ ಸಸ್ಯಗಳ ಮೇಲೆ ಹನ್ನೊಂದು ವರ್ಷ ನಡೆಸಿದ ಪ್ರಯೋಗಗಳ ಫಲವನ್ನು ಅವನು 1876ರಲ್ಲಿ ಒಂದು ದಪ್ಪ ಪುಸ್ತಕವಾಗಿ ಪ್ರಕಟಿಸಿದ. ನಡುವೆ ಒಂದು ತಮಾಷೆಯೂ ನಡೆಯಿತು. ಆರನೆಯ ತಲೆಮಾರಿನಲ್ಲಿ ಸ್ವಪರಾಗದಿಂದ ಹುಟ್ಟಿದ ಒಂದು ಬಳ್ಳಿ ತನ್ನ ಎದುರಾಳಿಯನ್ನು ಮೀರಿಸಿ ಬೆಳೆದುಬಿಟ್ಟಿತು. ಡಾರ್ವಿನ್ ಅದನ್ನು ಮುಚ್ಚಿಡಲಿಲ್ಲ. ‘ಹೀರೋ’ ಎಂದು ಹೆಸರಿಟ್ಟು ಅದರ ಮಕ್ಕಳನ್ನೂ ಬೆಳೆಸಿ ಅಳೆದ. ವಿಜ್ಞಾನಿಯ ಪ್ರಾಮಾಣಿಕತೆ ದೊಡ್ಡ ಸಿದ್ಧಾಂತಗಳಿಗಿಂತ ಇಂಥ ಸಣ್ಣ ನಡೆಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು ನನ್ನ ಭಾವನೆ.

ಕಾರಣವನ್ನು ಇಂದಿನ ವಂಶಶಾಸ್ತ್ರ ಹೇಳುತ್ತದೆ. ಪ್ರತಿಯೊಂದು ಗಿಡದಲ್ಲಿಯೂ ಪ್ರತಿ ವಂಶವಾಹಿಗೆ ಎರಡು ಪ್ರತಿಗಳಿವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ನೆಟ್ಟಗಿದ್ದರೆ ಕೆಲಸ ಸಾಗುತ್ತದೆ, ಕೆಡುಕು ಅಡಗಿರುತ್ತದೆ. ಗಿಡ ತನ್ನನ್ನು ತಾನೇ ಕೂಡಿದಾಗ ಮಕ್ಕಳಲ್ಲಿ ನಾಲ್ಕರಲ್ಲಿ ಒಂದರ ಪಾಲಿಗೆ ಎರಡೂ ಕೆಟ್ಟ ಪ್ರತಿಗಳೇ ಬರುವ ಸಂಭವವಿದೆ. ಹೊರಗಿನವರ ಪರಾಗ ಬಂದರೆ ಅದೇ ಜಾಗದಲ್ಲಿ ಅದೇ ಕೇಡು ಇರುವ ಸಂಭವ ಕಡಿಮೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪರಾಗ ಒಂದು ಹೂವಿನಿಂದ ಇನ್ನೊಂದು ಹೂವಿಗೆ ಹೋದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಸಾಲದು. ಎರಡೂ ಹೂಗಳು ಒಂದೇ ಮರದವಾದರೆ ವಂಶದ ದೃಷ್ಟಿಯಿಂದ ಅದೂ ಸ್ವಕೀಯವೇ. ಅಷ್ಟೇ ಏಕೆ, ಒಂದು ಗಿಡದ ಕಡ್ಡಿ ಮುರಿದು ಹತ್ತು ಮನೆಯವರು ನೆಟ್ಟುಕೊಂಡಿದ್ದರೆ ಆ ಹತ್ತೂ ಗಿಡಗಳು ಹತ್ತು ಕುಂಡಗಳಲ್ಲಿರುವ ಒಂದೇ ಗಿಡ. ಕಸಿಯ ಸಸಿಗಳ ಹಣೆಬರಹವೂ ಇದೇ. ಆದ್ದರಿಂದ ನಿಜವಾಗಿ ಪರಾಗವಿನಿಮಯ ಆಗಬೇಕಾದರೆ ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಮರ, ದುಂಬಿ ಜೇನುಗಳು ಹಾರಿಹೋಗುವಷ್ಟು ದೂರದಲ್ಲಿ, ಇರಲೇಬೇಕು.

ಎಲ್ಲಕ್ಕಿಂತ ಕಟ್ಟುನಿಟ್ಟಾದ ಉಪಾಯ ಗಂಡು ಮರವನ್ನೇ ಬೇರೆ, ಹೆಣ್ಣು ಮರವನ್ನೇ ಬೇರೆ ಮಾಡಿಬಿಡುವುದು. ಹೂಗಿಡಗಳ ಜಾತಿಗಳಲ್ಲಿ ನೂರಕ್ಕೆ ಐದಾರು ಮಾತ್ರ ಇಷ್ಟು ದೂರ ಹೋಗಿವೆ. ಪರಂಗಿ ನಮಗೆ ಪರಿಚಿತವಾದ ಉದಾಹರಣೆ. ಉದ್ದನೆಯ ಜೋಲುಗೊಂಚಲುಗಳಲ್ಲಿ ಹೂ ಬಿಡುವುದು ಗಂಡು. ಕಾಂಡಕ್ಕೆ ಅಂಟಿಕೊಂಡು ದಪ್ಪ ಹೂ ಬಿಡುವುದು ಹೆಣ್ಣು. ಗಂಡು ಪರಂಗಿ ದಂಡವೆಂದು ಕಿತ್ತೆಸೆದವರು, ಹೆಣ್ಣು ಮರದ ಎಳೆಗಾಯಿಗಳು ಉದುರತೊಡಗಿದಾಗ ಅದರ ಬೆಲೆಯನ್ನು ಅರಿಯುತ್ತಾರೆ. ಈ ತಾಪತ್ರಯ ಬೇಡವೆನ್ನುವವರಿಗೆ ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದು ತೆಗೆದ ಕೂರ್ಗ್ ಹನಿ ಡ್ಯೂನಂಥ ತಳಿಗಳುಂಟು. ಅವುಗಳಲ್ಲಿ ಬರಿಯ ಗಂಡು ಮರಗಳು ಹುಟ್ಟುವುದಿಲ್ಲ.

ಮರವನ್ನು ಬೇರೆ ಮಾಡದೆ ವೇಳೆಯನ್ನು ಮಾತ್ರ ಬೇರೆ ಮಾಡುವ ಯುಕ್ತಿ ಇದಕ್ಕಿಂತ ನಾಜೂಕಾದದ್ದು. ಜರ್ಮನಿಯ ಶಾಲಾಮಾಸ್ತರ ಕ್ರಿಸ್ಟಿಯನ್ ಕಾನ್ರಾಡ್ ಸ್ಪ್ರೆಂಗೆಲ್ ಇದನ್ನು 1793ರಷ್ಟು ಹಿಂದೆಯೇ ವಿವರಿಸಿ ಬರೆದ. ನಮ್ಮ ಎತ್ತರದ ಜಾತಿಯ ತೆಂಗಿನಲ್ಲಿ ಹೊಂಬಾಳೆ ಬಿರಿದ ಕೂಡಲೆ ಗಂಡುಹೂಗಳು ಅರಳತೊಡಗಿ, ಸುಮಾರು ಮೂರು ವಾರ ಪರಾಗ ಸುರಿಸಿ ಉದುರಿಹೋಗುತ್ತವೆ. ಬುಡದಲ್ಲಿರುವ ಗುಂಡನೆಯ ಹೆಣ್ಣುಹೂಗಳು ಸಿದ್ಧವಾಗುವುದು ಆಮೇಲೆ. ಅಷ್ಟರಲ್ಲಿ ಆ ಹೊಂಬಾಳೆಯ ಪರಾಗ ಮುಗಿದಿರುತ್ತದೆ. ಗಿಡ್ಡ ತಳಿಗಳಲ್ಲಿ ಈ ಎರಡು ಅವಧಿಗಳು ಒಂದರ ಮೇಲೊಂದು ಬರುತ್ತವೆ. ಆದ್ದರಿಂದಲೇ ಗಿಡ್ಡ ತೆಂಗಿನ ಮಕ್ಕಳು ತಾಯಿಯನ್ನು ಹೋಲುತ್ತವೆ, ಎತ್ತರದ ತೆಂಗಿನ ಮಕ್ಕಳು ಒಂದೊಂದು ಒಂದೊಂದು ಬಗೆ.

ಮಲ್ಲೇಶ್ವರದ ಒಂದು ಮುಖ್ಯರಸ್ತೆಗೆ ಹೆಸರು ಕೊಟ್ಟಿರುವ ಸಂಪಿಗೆಯ ವಂಶದಲ್ಲಿ ಕ್ರಮ ತಿರುಗುಮುರುಗು: ಅಲ್ಲಿ ಹೆಣ್ಣುಭಾಗ ಮೊದಲು, ಗಂಡುಭಾಗ ಆಮೇಲೆ. ಆದರೆ ಸಂಪಿಗೆಯ ಈ ಕಟ್ಟಳೆಯನ್ನು ಪರೀಕ್ಷಿಸುವ ಅವಕಾಶ ಬೆಂಗಳೂರಿನಲ್ಲಿ ಕಡಿಮೆ; ದುಂಬಿ ಬರುವ ಮೊದಲೇ ಮೊಗ್ಗು ದೇವರ ಪಟದ ಮೇಲೋ ಯಾರದೋ ತುರುಬಿನಲ್ಲೋ ಸೇರಿರುತ್ತದೆ.

ಕಾಲವಿಭಾಗದ ವಿದ್ಯೆಯಲ್ಲಿ ಪರಮಾವಧಿಯನ್ನು ಮುಟ್ಟಿದ್ದು ಬೆಣ್ಣೆಹಣ್ಣಿನ ಮರ. ನಮ್ಮವರ ಬಾಯಲ್ಲಿ ಬಟರ್‌ಫ್ರೂಟ್. ಮೆಕ್ಸಿಕೋ ಕಡೆಯಿಂದ ಬಂದ ಈ ಮರ ಬೆಂಗಳೂರಿನ ಹವೆಗೆ ಚೆನ್ನಾಗಿ ಒಗ್ಗಿಕೊಂಡಿದೆ. ಹಳೆಯ ಮನೆಗಳ ಹಿತ್ತಲುಗಳಲ್ಲಿ ಎರಡು ಮಹಡಿಯೆತ್ತರ ಬೆಳೆದ ಮರಗಳನ್ನು ಈಗಲೂ ನೋಡಬಹುದು. ಇದರ ಹಸಿರು ಹಳದಿಯ ಪುಟ್ಟ ಹೂ ತನ್ನ ಜೀವಮಾನದಲ್ಲಿ ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ: ಆಗ ನಡುವಿನ ಶಲಾಕೆ ನೆಟ್ಟಗೆ ನಿಂತಿರುತ್ತದೆ, ಕೇಸರಗಳು ಎಸಳುಗಳ ಮೇಲೆ ಅಂಗಾತ ಮಲಗಿರುತ್ತವೆ, ಪರಾಗವಿರುವುದಿಲ್ಲ. ಕೆಲವು ಗಂಟೆಗಳ ನಂತರ ಹೂ ಮುಚ್ಚಿಕೊಳ್ಳುತ್ತದೆ. ಮಾರನೆಯ ದಿನ ಮತ್ತೆ ತೆರೆದಾಗ ಅದು ಗಂಡು: ಕೇಸರಗಳು ಎದ್ದು ನಿಂತು ಪರಾಗ ಚೆಲ್ಲುತ್ತವೆ, ಶಲಾಕಾಗ್ರದ ಕಾಲ ಮುಗಿದಿರುತ್ತದೆ. ಇಷ್ಟೇ ಆಗಿದ್ದರೆ ಒಂದು ಹೂವಿನ ಪರಾಗ ಅದೇ ಮರದ ಪಕ್ಕದ ಹೂವಿಗೆ ತಗುಲಬಹುದಿತ್ತು. ಅದಕ್ಕೂ ಅವಕಾಶವಿಲ್ಲ. ಮರದ ಹೂಗಳೆಲ್ಲ ಒಂದೇ ಗಡಿಯಾರ ನೋಡಿಕೊಂಡವುಗಳ ಹಾಗೆ ಒಟ್ಟಿಗೆ ಹೆಣ್ಣಾಗುತ್ತವೆ, ಒಟ್ಟಿಗೆ ಮುಚ್ಚುತ್ತವೆ, ಒಟ್ಟಿಗೆ ಗಂಡಾಗುತ್ತವೆ.

ಹಾಗಾದರೆ ಬೀಜ ಕಟ್ಟುವುದು ಹೇಗೆ? ಈ ಜಾತಿಯ ಮರಗಳಲ್ಲಿ ಎರಡು ಪಂಗಡಗಳಿವೆ. ‘ಎ’ ಪಂಗಡದ ಮರಗಳ ಹೂಗಳು ಬೆಳಗ್ಗೆ ಹೆಣ್ಣು, ಮಾರನೆಯ ಮಧ್ಯಾಹ್ನ ಗಂಡು. ‘ಬಿ’ ಪಂಗಡದವು ಮಧ್ಯಾಹ್ನ ಹೆಣ್ಣು, ಮಾರನೆಯ ಬೆಳಗ್ಗೆ ಗಂಡು. ಅಂದರೆ ಬೆಳಗಿನ ಹೊತ್ತು ಎ ಮರ ಪರಾಗಕ್ಕಾಗಿ ಕಾದಿರುವಾಗ ಬಿ ಮರ ಪರಾಗ ಹಂಚುತ್ತಿರುತ್ತದೆ. ಮಧ್ಯಾಹ್ನ ಕೊಡುಕೊಳ್ಳುವವರು ಅದಲುಬದಲಾಗುತ್ತಾರೆ. 1920ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಈ ವಿಚಿತ್ರವನ್ನು ಗಮನಿಸಿ ಬರೆದವರಲ್ಲಿ ಬಿ. ಎಸ್. ನಿರೋಡಿ ಎಂಬವರು ಒಬ್ಬರು. ನಮ್ಮ ಕರಾವಳಿಯವರ ಕಿವಿಗೆ ಅಪರಿಚಿತವಲ್ಲದ ಹೆಸರು. ನ್ಯೂಯಾರ್ಕ್ ಸಸ್ಯೋದ್ಯಾನದ ಎ. ಬಿ. ಸ್ಟೌಟ್ 1923ರಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು.

ಒಂಟಿ ಬೆಣ್ಣೆಹಣ್ಣಿನ ಮರ ಕಾಯಿ ಬಿಡುವುದೇ ಇಲ್ಲವೆಂದು ಇದರ ಅರ್ಥವಲ್ಲ. ಚಳಿ ಹೆಚ್ಚಾದಾಗ, ಮೋಡ ಮುಸುಕಿದಾಗ ಹೂವಿನ ಗಡಿಯಾರ ತಪ್ಪುತ್ತದೆ. ಗಂಡುಹೂ ಹೆಣ್ಣುಹೂಗಳು ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ನಾಲ್ಕಾರು ಕಾಯಿ ನಿಲ್ಲುತ್ತವೆ. ದೊಡ್ಡ ಮರ ಲಕ್ಷಾಂತರ ಹೂ ಬಿಡುತ್ತದೆ. ಸಾವಿರಕ್ಕೆ ಒಂದು ಕಾಯಾದರೂ ಅದು ಸಮೃದ್ಧಿಯೇ. ಆದರೆ ಎದುರು ಪಂಗಡದ ಮರವೊಂದು ಹತ್ತಿರವಿದ್ದಾಗ ಫಸಲು ಸಾಮಾನ್ಯವಾಗಿ ಹೆಚ್ಚೆಂದು ತೋಟಗಾರರು ಬಲ್ಲರು.

ಜಾಗದ ದೂರ, ವೇಳೆಯ ದೂರ ಇವೆರಡೂ ಹೊರಗಿನ ಬೇಲಿಗಳು. ಇವನ್ನು ದಾಟಿ ಬಂದ ಸ್ವಂತ ಪರಾಗವನ್ನು ತಡೆಯುವ ಕಾವಲು ಇನ್ನೂ ಒಳಗಿದೆ. ಚಕ್ಕೋತವನ್ನು ನೋಡಿ. ದೇವನಹಳ್ಳಿಯ ಹೆಸರಿನೊಂದಿಗೆ ಬೆರೆತುಹೋಗಿರುವ ಈ ಹಣ್ಣಿನ ಕುಲದಲ್ಲಿ ಬಹುಪಾಲು ತಳಿಗಳ ಹೂವಿಗೆ ತನ್ನ ಪರಾಗ ಆಗದು. ಗಂಡುಹೆಣ್ಣು ಎರಡೂ ಪಕ್ಕಪಕ್ಕದಲ್ಲಿವೆ, ಪರಾಗದಲ್ಲಿ ಯಾವ ಕುಂದೂ ಇಲ್ಲ, ಅದು ಶಲಾಕಾಗ್ರದ ಮೇಲೆ ಬಿದ್ದು ನಾಳ ಇಳಿಸುವುದಕ್ಕೂ ತೊಡಗುತ್ತದೆ. ಆದರೆ ನಾಳ ದಾರಿಯಲ್ಲಿಯೇ ಕುಗ್ಗಿ ನಿಂತುಬಿಡುತ್ತದೆ. ಅದೇ ಪರಾಗವನ್ನು ಬೇರೊಂದು ಚಕ್ಕೋತದ ಹೂವಿಗೆ ಹಾಕಿದರೆ ಸಲೀಸಾಗಿ ಅಂಡಕವನ್ನು ಮುಟ್ಟುತ್ತದೆ. ಹೂ ತನ್ನ ಪರಾಗವನ್ನು ಗುರುತು ಹಿಡಿಯುತ್ತದೆ ಎನ್ನದೆ ಬೇರೆ ದಾರಿಯಿಲ್ಲ.

ಈ ಗುರುತಿನ ಕೀಲು 1925ರಲ್ಲಿ ಈಸ್ಟ್ ಮತ್ತು ಮ್ಯಾಂಗಲ್ಸ್‌ಡಾರ್ಫ್ ಎಂಬಿಬ್ಬರು ಹೊಗೆಸೊಪ್ಪಿನ ಕುಲದ ಗಿಡಗಳಲ್ಲಿ ನಡೆಸಿದ ಪ್ರಯೋಗಗಳಿಂದ ಬಯಲಾಯಿತು. ನಮ್ಮಲ್ಲಿ ಅದನ್ನು ವಿವರಿಸುವುದು ಸುಲಭ, ಏಕೆಂದರೆ ಗೋತ್ರ ಎಂಬ ಪದ ನಮಗಿದೆ. ಪರಾಗದ ಪ್ರತಿ ಕಣಕ್ಕೂ ಒಂದು ಗೋತ್ರ. ಶಲಾಕೆಗೆ ಎರಡು: ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು. ಪರಾಗದ ಗೋತ್ರ ಆ ಎರಡರಲ್ಲಿ ಯಾವುದಕ್ಕೆ ಹೊಂದಿದರೂ ಸಂಬಂಧ ನಿಷಿದ್ಧ. ನಮ್ಮ ಗೋತ್ರವಿಚಾರ ತಂದೆಯ ಕಡೆಯನ್ನಷ್ಟೇ ನೋಡುತ್ತದೆ. ಹೂವು ಎರಡೂ ಕಡೆ ವಿಚಾರಿಸುತ್ತದೆ. ಗೋತ್ರ ಬೇರೆಯಾದರೆ ಸೋದರಮಾವನಿಗೂ ಕೊಡಬಹುದೆನ್ನುವ ನಮ್ಮವರಂತೆ ಈ ಕಾವಲಿನಲ್ಲೂ ಹತ್ತಿರದ ಬಂಧುಗಳು ನುಸುಳುವ ಸಂದುಗಳುಂಟು. ಆದರೆ ತನ್ನನ್ನು ತಾನೇ ವರಿಸುವುದಕ್ಕಂತೂ ಎಡೆಯಿಲ್ಲ, ಏಕೆಂದರೆ ಗಿಡದ ಪ್ರತಿಯೊಂದು ಪರಾಗಕಣವೂ ಅದೇ ಗಿಡದ ಶಲಾಕೆಯ ಎರಡು ಗೋತ್ರಗಳಲ್ಲಿ ಒಂದನ್ನು ಹೊತ್ತಿರಲೇಬೇಕು.

ಒಳಗೆ ನಡೆಯುವ ಕ್ರಿಯೆಯೂ ಸ್ವಾರಸ್ಯವಾದದ್ದು. ಚಕ್ಕೋತ, ಹೊಗೆಸೊಪ್ಪುಗಳ ಶಲಾಕೆ ಒಂದು ಕಿಣ್ವವನ್ನು ತಯಾರಿಸುತ್ತದೆ. ನಾಳದೊಳಕ್ಕೆ ಹೊಕ್ಕು ಅದರ ಜೀವವ್ಯಾಪಾರವನ್ನು ಕೆಡಿಸುವುದು ಈ ಕಿಣ್ವದ ಕೆಲಸ. ಒಂದೊಂದು ಗೋತ್ರಕ್ಕೂ ಒಂದೊಂದು ಬಗೆಯ ಕಿಣ್ವ. ಪರಾಗದ ಬಳಿ ಇದಕ್ಕೆ ಪ್ರತಿವಿಷಗಳ ಒಂದು ಗಂಟೇ ಇರುತ್ತದೆ. ಅನ್ಯಗೋತ್ರಗಳ ವಿಷಕ್ಕೆ ಆ ಗಂಟಿನಲ್ಲಿ ಮದ್ದುಂಟು, ತನ್ನ ಗೋತ್ರದ ವಿಷಕ್ಕೆ ಮಾತ್ರ ಇಲ್ಲ. ಕೋಸು, ನವಿಲುಕೋಸುಗಳ ಕುಟುಂಬದಲ್ಲಿ ರೀತಿ ಬೇರೆ: ಅಲ್ಲಿ ತಡೆ ಶಲಾಕಾಗ್ರದ ಹೊಸಿಲಲ್ಲಿಯೇ, ಸ್ವಂತ ಪರಾಗ ಮೊಳೆಯುವುದೇ ಇಲ್ಲ. ಆದರೆ ಈ ಕಾವಲುಗಾರ ಕೆಲಸಕ್ಕೆ ಬರುವುದು ಹೂ ಅರಳುವ ಹೊತ್ತಿಗೆ. ತಳಿ ಬೆಳೆಸುವವರು ಇದನ್ನು ಕಂಡುಕೊಂಡು, ಸ್ವಪರಾಗದ ಬೀಜ ಬೇಕಾದಾಗ ಒಂದೆರಡು ದಿನ ಮುಂಚೆಯೇ ಮೊಗ್ಗನ್ನು ಬಿಡಿಸಿ ಪರಾಗ ಹಾಕಿಬಿಡುತ್ತಾರೆ.

ಗೋತ್ರದ ಈ ನಿಯಮಕ್ಕೆ ಒಂದು ಫಲಿತಾಂಶವುಂಟು. ಯಾವ ಗೋತ್ರ ಅಪರೂಪವೋ ಅದಕ್ಕೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಯಾವುದು ಊರೆಲ್ಲ ತುಂಬಿದೆಯೋ ಅದು ಹೋದಲ್ಲೆಲ್ಲ ಸಗೋತ್ರದವರೇ. ಹೀಗಾಗಿ ಒಂದು ದೊಡ್ಡ ಕಾಡಿನಲ್ಲಿ ಒಂದೇ ಜಾತಿಯಲ್ಲಿ ಹತ್ತಾರು ಗೋತ್ರಗಳು ಉಳಿದುಕೊಂಡು ಬರುತ್ತವೆ. ಗಿಡಗಳ ಸಂಖ್ಯೆ ಕುಗ್ಗಿದಾಗ ಮಾತ್ರ ಅಪಾಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸೇವಂತಿಗೆಯ ಕುಟುಂಬಕ್ಕೆ ಸೇರಿದ, ಸರೋವರದ ದಂಡೆಯ ಒಂದು ಹಳದಿ ಹೂವಿನ ಗಿಡ ಕೊನೆಗೆ ಒಂದೇ ಒಂದು ಸಣ್ಣ ಗುಂಪಾಗಿ ಉಳಿಯಿತು. ಗಿಡಗಳು ಆರೋಗ್ಯವಾಗಿದ್ದವು, ಹೂ ಬಿಡುತ್ತಿದ್ದವು, ಕೀಟಗಳೂ ಬರುತ್ತಿದ್ದವು. ಆದರೆ ಹದಿನೈದು ವರ್ಷಕ್ಕೂ ಮಿಕ್ಕಿ ಬೀಜವಿಲ್ಲ. ಪರೀಕ್ಷಿಸಿದಾಗ, ಉಳಿದವೆಲ್ಲ ಒಂದೇ ಗೋತ್ರದವು ಎಂದು ತಿಳಿಯಿತು. ಒಹಾಯೋದ ಗಿಡಗಳ ಪರಾಗ ಸೋಕಿಸಿದಾಗ ಅವೇ ಗಿಡಗಳು ಬೀಜ ಕಟ್ಟಿದವು. ಆ ಗುಂಪು ಒಳಗಿಂದೊಳಗೆ ನಿಂತುಹೋಗಿತ್ತು. ನೋಡುವವರ ಕಣ್ಣಿಗೆ ಮಾತ್ರ ಹೂ ಕಾಣುತ್ತಿತ್ತು.

ಇದು ಎಲ್ಲೋ ಕೆಲವು ಜಾತಿಗಳ ವೈಚಿತ್ರ್ಯವೆಂದು ತಿಳಿಯುವಂತಿಲ್ಲ. ಉಷ್ಣವಲಯದ ಕಾಡುಗಳಲ್ಲಿ ಒಂದು ಜಾತಿಯ ಮರಗಳು ಒಂದರಿಂದೊಂದು ದೂರ ದೂರವಿರುವುದರಿಂದ ಅವು ಸ್ವಪರಾಗದಿಂದಲೇ ಸಂತಾನ ಪಡೆಯುತ್ತಿರಬೇಕೆಂದು ಒಂದು ಕಾಲಕ್ಕೆ ಹಲವು ವಿದ್ವಾಂಸರು ಊಹಿಸಿದ್ದರು. ಮುಂದೆ ಬೆಂಗಳೂರಿನಲ್ಲಿ ಏಟ್ರಿ ಎಂಬ ಪರಿಸರ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಕಮಲ್ ಬಾವಾ ಅವರು ಕೋಸ್ಟರಿಕಾದ ಕಾಡಿನಲ್ಲಿ ಮರದಿಂದ ಮರಕ್ಕೆ ಕೈಯಾರೆ ಪರಾಗ ಹಾಕಿ ಪರೀಕ್ಷಿಸಿ, 1974ರಲ್ಲಿ ಆ ಊಹೆಯನ್ನು ಬುಡಮೇಲು ಮಾಡಿದರು. ಅಲ್ಲಿನ ಮರಜಾತಿಗಳಲ್ಲಿ ಬಹುಪಾಲು, ಎಷ್ಟೇ ದೂರವಿರಲಿ, ಪರಕೀಯ ಪರಾಗವನ್ನೇ ಅವಲಂಬಿಸಿದ್ದವು. ನಮ್ಮ ರಸ್ತೆಗಳಲ್ಲಿ ಗುಲಾಬಿ, ಹಳದಿ ಹೂಗಳಿಂದ ತುಂಬಿ ನಿಲ್ಲುವ ಟಬೂಬಿಯಾ ಕುಲದಲ್ಲೂ ಸ್ವಪರಾಗವನ್ನು ಒಪ್ಪದ ಜಾತಿಗಳು ಹಲವು.

ಅಶ್ವತ್ಥಕಟ್ಟೆಯ ಮಾತನ್ನು ಹೇಳದೆ ಈ ಪ್ರಸಂಗ ಪೂರ್ತಿಯಾಗದು. ಅಶ್ವತ್ಥಕ್ಕೂ ಬೇವಿಗೂ ಮದುವೆ ಮಾಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಶ್ವತ್ಥ ಬಯಸುವುದಾದರೋ ಇನ್ನೊಂದು ಅಶ್ವತ್ಥವನ್ನು. ಅಶ್ವತ್ಥ, ಅತ್ತಿ, ಆಲಗಳ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಅರಳಿದ ನೂರಾರು ಹೂಗಳ ಒಂದು ಚೀಲ. ಪರಾಗ ಹೊತ್ತ ಪುಟ್ಟ ಕಣಜ ಒಳಹೊಕ್ಕಾಗ ಅಲ್ಲಿ ಹೆಣ್ಣುಹೂಗಳು ಮಾತ್ರ ಸಿದ್ಧವಾಗಿರುತ್ತವೆ. ಅದು ಪರಾಗ ಹಾಕಿ, ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಕೆಲವು ವಾರಗಳ ನಂತರ ಅದರ ಮರಿಗಳು ಹೊರಡುವ ವೇಳೆಗೆ ಗಂಡುಹೂಗಳು ಬಲಿತಿರುತ್ತವೆ. ಅತ್ತಿಹಣ್ಣನ್ನು ಬಿಚ್ಚಿದಾಗ ಕಾಣುವ ಹುಳುಗಳ ಬಗ್ಗೆ ಗಾದೆ ಕಟ್ಟಿದ ಜನ ಕಂಡದ್ದು ಈ ಕಣಜಗಳ ವಂಶವನ್ನೇ. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹದದಲ್ಲಿರುವುದರಿಂದ, ಪರಾಗ ಹೊತ್ತ ಮರಿಕಣಜಕ್ಕೆ ತಾನು ಹುಟ್ಟಿದ ಮರದಲ್ಲಿ ಮೊಟ್ಟೆಯಿಡಲು ತಾವಿಲ್ಲ. ಬೇರೆ ಮರವನ್ನು ಹುಡುಕಲೇಬೇಕು. ಹುಡುಕುವುದಕ್ಕೆ ಅದಕ್ಕಿರುವ ಆಯುಸ್ಸು ಒಂದೆರಡು ದಿನ, ಕೆಲವು ಜಾತಿಗಳಲ್ಲಿ ಅಷ್ಟೂ ಇಲ್ಲ. ಮಲ್ಲೇಶ್ವರಕ್ಕೆ ತೀರ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಅತ್ತಿಮರ ಹಾಗೂ ಅದರ ಕಣಜಗಳ ಈ ವ್ಯವಹಾರವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ವರ್ಷದ ಯಾವ ವಾರದಲ್ಲಾದರೂ ಸರಿ, ಕಣಜ ಹಾರಿ ತಲಪಬಲ್ಲ ಎಡೆಯಲ್ಲಿ ಯಾವುದಾದರೊಂದು ಮರ ಹೆಣ್ಣುಹದದಲ್ಲಿ ಇರಬೇಕು. ಅದಕ್ಕೆ ಒಂದು ಮರ, ಎರಡು ಮರ ಸಾಲುವುದಿಲ್ಲ. ಸುತ್ತಿನಲ್ಲಿ ಒಂದು ಬಳಗವೇ ಬೇಕು.

ಎಲ್ಲ ಗಿಡಗಳೂ ಇಷ್ಟು ನಿಷ್ಠುರವಲ್ಲವೆನ್ನುವುದನ್ನೂ ಹೇಳಬೇಕು. ಬತ್ತ, ಕಡಲೆಕಾಯಿ, ಅವರೆ, ಟೊಮೇಟೊ ಇವೆಲ್ಲ ಬಹುಮಟ್ಟಿಗೆ ಸ್ವಪರಾಗದಿಂದಲೇ ನಡೆಯುವವು. ಹಾಗಿಲ್ಲದಿದ್ದರೆ ಚಳಿಗಾಲದ ಅವರೆಕಾಯಿಯ ರಾಶಿಗಳು ಅಷ್ಟು ನಿಶ್ಚಿಂತೆಯಿಂದ ಬರುತ್ತಿರಲಿಲ್ಲ. ಸಂಜೆಮಲ್ಲಿಗೆ ಸಂಜೆ ಅರಳಿ ರಾತ್ರಿಯೆಲ್ಲ ಪತಂಗಕ್ಕಾಗಿ ಕಾದು, ಬಾಡುವ ವೇಳೆಗೆ ಕೇಸರ ಶಲಾಕೆಗಳನ್ನು ಒಟ್ಟಿಗೆ ಸುರುಳಿ ಸುತ್ತಿಕೊಂಡು ತನ್ನ ಪರಾಗವನ್ನೇ ಒಪ್ಪಿಕೊಳ್ಳುತ್ತದೆ. ಬೆರಕೆಸೊಪ್ಪಿನಲ್ಲಿ ಸೇರುವ ಕನ್ನೆಸೊಪ್ಪು ಮೇಲೆ ನೀಲಿ ಹೂ ಅರಳಿಸುವುದಲ್ಲದೆ, ಮಣ್ಣಿನೊಳಗೆ ಎಂದೂ ತೆರೆಯದ ಹೂಗಳನ್ನು ಬಿಟ್ಟು ಗುಟ್ಟಾಗಿ ಬೀಜ ಮಾಡಿಕೊಳ್ಳುತ್ತದೆ. ಅಲ್ಪಾಯುಷಿಗಳಾದ ಗಿಡಗಳಿಗೆ ಈ ರಾಜಿ ಸಲ್ಲುತ್ತದೆ. ನೂರು ವರ್ಷ ಬಾಳುವ ಮರಗಳು ಕಾಯಬಲ್ಲವು. ಕಾಯುವುದೇ ಅವುಗಳ ರೀತಿ.

ಆದರೆ ಏನನ್ನು ಕಾಯುವುದು? ಚಾಮರಾಜಪೇಟೆ 1892ರಲ್ಲಿ ರೂಪುಗೊಂಡದ್ದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯ ಬೆಳೆದವು. ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನಕ್ಕೆ ಗಾಳಿ ಬೆಳಕು ಸಿಗಲೆಂದು ವಿಶಾಲವಾದ ನಿವೇಶನಗಳನ್ನು ಕೊಟ್ಟದ್ದರಿಂದ ಮನೆಮನೆಗೂ ಹಿತ್ತಲಾಯಿತು. ಆ ಹಿತ್ತಲುಗಳ ಚಕ್ಕೋತ, ಬೆಣ್ಣೆಹಣ್ಣು, ಪರಂಗಿಗಳಲ್ಲಿ ಅನೇಕವು ತಿಂದೆಸೆದ ಬೀಜದಿಂದ, ನೆಂಟರು ತಂದುಕೊಟ್ಟ ಸಸಿಯಿಂದ ಬಂದವು. ಒಂದೊಂದರ ಗೋತ್ರವೂ ಬೇರೆ. ನಡುವೆ ಕಾಂಪೌಂಡ್ ಗೋಡೆಗಳಿದ್ದರೂ ತುಡುವೆ, ಕೋಲುಜೇನುಗಳ ಲೆಕ್ಕದಲ್ಲಿ ಇಡೀ ಬಡಾವಣೆ ಒಂದೇ ತೋಟ. ಈಗ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಏಳಿಸುವಾಗ ಹಿತ್ತಲು ಮೊದಲು ಹೋಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಅರ್ಜಿ ಬರುವುದು ಕಡಿಯುವ ಮರದ ಬಗ್ಗೆ. ಆ ಮರದ ಪರಾಗದಿಂದ ಹಿಂದಿನ ಬೀದಿಯಲ್ಲಿ ಕಾಯಿ ಬಿಡುತ್ತಿದ್ದ ಮರದ ಪರವಾಗಿ ಅರ್ಜಿ ಹಾಕುವವರು ಯಾರು? ಹೊಸ ಕಟ್ಟಡದ ಮುಂದೆ ಸಾಲಾಗಿ ನೆಟ್ಟ ಕಸಿಗಿಡಗಳು ಹತ್ತಿದ್ದರೂ ಒಂದೇ ತಳಿಯವಾದರೆ ಪರಾಗದ ಲೆಕ್ಕಕ್ಕೆ ಒಂದೇ.

ಒಂಟಿಯಾಗಿ ಉಳಿದ ಮರಕ್ಕೆ ಮಾಡಬಹುದಾದ ಕೆಲಸಗಳೂ ಉಂಟು. ಬೆಣ್ಣೆಹಣ್ಣಿನ ಮರವಿರುವವರು ಅದು ಹೂ ಬಿಟ್ಟಾಗ ಬಿಸಿಲಿರುವ ಒಂದು ದಿನ ಬೆಳಗ್ಗೆ ಹತ್ತು ಗಂಟೆಗೂ ಮಧ್ಯಾಹ್ನ ನಾಲ್ಕಕ್ಕೂ ಹೂವನ್ನು ನೋಡಬೇಕು. ಬೆಳಗ್ಗೆ ಕೇಸರಗಳು ಮಲಗಿದ್ದರೆ ಎ ಪಂಗಡ. ಎದ್ದು ನಿಂತು ಪುಡಿ ಚೆಲ್ಲುತ್ತಿದ್ದರೆ ಬಿ ಪಂಗಡ. ತಿಳಿದ ಮೇಲೆ ಎದುರು ಪಂಗಡದ ಸಸಿಯನ್ನು ನೆಡಬಹುದು. ಜಾಗವಿಲ್ಲದವರು ಅದೇ ಮರದ ಒಂದು ಕೊಂಬೆಗೆ ಎದುರು ಪಂಗಡದ ಕುಡಿಯನ್ನು ಕಸಿ ಕಟ್ಟಿಸಬಹುದು. ಚಕ್ಕೋತಕ್ಕೆ ಉಪಾಯ ಇನ್ನೂ ಸುಲಭ. ಗೋತ್ರ ಬೇರೆಯಾದ ಇನ್ನೊಂದು ಚಕ್ಕೋತದ, ಅದೂ ಸಿಗದಿದ್ದರೆ ಕಿತ್ತಳೆಯಂಥ ಅದರ ದಾಯಾದಿಗಳ ಹೂವಾದರೂ ಸರಿ, ಆಗತಾನೆ ಬಿರಿದದ್ದನ್ನು ತಂದು ಅದರ ಕೇಸರಗಳನ್ನು ನಮ್ಮ ಮರದ ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಬೇಕು. ಕೈಗೆಟುಕುವ ಕೊಂಬೆಯ ಇಪ್ಪತ್ತು ಹೂಗಳಿಗೆ ಹೀಗೆ ಮಾಡಿ, ಪ್ರತಿಯೊಂದರ ತೊಟ್ಟಿಗೂ ಗುರುತಿಗೆ ಒಂದೆಳೆ ಬಣ್ಣದ ದಾರ ಕಟ್ಟಿಡಿ. ತಿಂಗಳು ಕಳೆದ ಮೇಲೆ ದಾರವಿರುವ ತೊಟ್ಟುಗಳಲ್ಲಿ ಎಷ್ಟು ಕಾಯಿ ನಿಂತಿವೆ, ದಾರವಿಲ್ಲದವುಗಳಲ್ಲಿ ಎಷ್ಟು ಎಂದು ಎಣಿಸಿ ನೋಡಬಹುದು.